ದರಿಯಾ ದೌಲತ್ ತೋಟದ ಸುತ್ತ ಬೈಸಿಕಲ್ ಸಂಚಾರ

ಶ್ರೀರಂಗಪಟ್ಟಣವನ್ನು ನೋಡದ ಮೈಸೂರಿನವರು ವಿರಳ. ಅದನ್ನು ಸಾವಕಾಶವಾಗಿ ನೋಡಿದವರು ಅದಕ್ಕಿಂತಲೂ ವಿರಳ. ಕಾರಿನಲ್ಲಿ ಬಂದವರು ದೇವರ ದರ್ಶನವನ್ನು ಮುಗಿಸಿ, ದರಿಯಾ ದೌಲತ್ತಿನ ಗೋಡೆಗಳ ಮೇಲೆ ಕಣ್ಣಾಡಿಸಿ, ಗುಂಬಜಿನ ಮುಂದೆ ನಿಂತು ಪಟ ತೆಗೆದುಕೊಂಡು, ಎರಡು ಗಂಟೆಗಳೊಳಗೆ ಹಿಂದಿರುಗುವರು. ಅವರಿಗೆ ಅರಸರ ಕುರುಹುಗಳೇನೋ ಕಾಣುತ್ತವೆ, ಹೊಳೆ ಕಾಣುವುದಿಲ್ಲ. ಊರು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪವೆಂಬುದು ಪಾಠಪುಸ್ತಕದ ಸಂಗತಿಯಾಗಿಯೇ ಉಳಿದುಬಿಡುತ್ತದೆ. ಈ ದ್ವೀಪದ ಉದ್ದ ಸುಮಾರು 5 ಕಿಲೋಮೀಟರು, ಅಗಲ ಸುಮಾರು ಒಂದೂವರೆ. ಬಿಸಿಲಿನಲ್ಲಿ ನಡೆಯುವವರಿಗೆ ಇದು ಹೆಚ್ಚಾಯಿತು, ಮೋಟಾರಿಗೆ ಕಡಮೆಯಾಯಿತು. ಬೈಸಿಕಲ್ಲಿಗೆ ಸರಿಯಾಗಿದೆ.

ಕಳೆದ ಮಾರ್ಗಶಿರದ ಒಂದು ಭಾನುವಾರ ನಾವು ನಾಲ್ವರು ಈ ಸಂಚಾರಕ್ಕೆ ಹೊರಟೆವು: ನಾವು, ನಮ್ಮ ಮನೆಯವರು, ಕಾಲೇಜು ಸೇರಿರುವ ಮಗಳು, ರಜೆಗೆಂದು ಬಂದಿದ್ದ ತಂಗಿಯ ಮಗ. ಹುಡುಗನಿಗೆ ಹದಿನಾರು ತುಂಬಿತ್ತು. ನಮ್ಮ ತಾಯಿಯವರಿಗೆ ಈ ಪ್ರಯಾಣ ಮೊದಲಿನಿಂದಲೂ ಹಿಡಿಸಲಿಲ್ಲ. ನಮ್ಮ ಬಾಲ್ಯದಲ್ಲಿಯೂ ಅವರು ಬೈಸಿಕಲ್ಲನ್ನು ಕೊಡಿಸಲು ಒಪ್ಪಿರಲಿಲ್ಲವಾದುದರಿಂದ, ಹಳೆಯ ಕಾಲದವರ ಭಯವೆಂದು ನಾವು ನಕ್ಕು ಸುಮ್ಮನಾದೆವು. ಕಡೆಗೆ ಅವರೇ, “ಬುತ್ತಿಯನ್ನು ನಾನು ಬಸ್ಸಿನಲ್ಲಿ ತರುತ್ತೇನೆ. ನಿಮಿಷಾಂಬೆಯ ಗುಡಿಯಲ್ಲಿ ಸಿಕ್ಕಿರಿ,” ಎಂದರು. ಪುಳಿಯೋಗರೆಯ ಹೊರೆ ತಪ್ಪಿತಲ್ಲಾ ಎಂದು ಮಕ್ಕಳಿಗೆ ಸಂತೋಷವಾಯಿತು.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು. ಈ ದಾರಿಯ ವಿಷಯದಲ್ಲಿ ಕುಟುಂಬಸ್ಥರು ಮೊದಲೇ ಎಚ್ಚರವಾಗಿರುವುದು ಲೇಸು. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಸಿಕಲ್ಲಿಗೂ ಸ್ಕೂಟರಿಗೂ ಪ್ರವೇಶವನ್ನು ನಿಷೇಧಿಸಲಾಯಿತು. ಪಕ್ಕದ ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಅಲ್ಲಿಯೂ ಎದುರುದಿಕ್ಕಿನಿಂದ ನುಗ್ಗುವ ವಾಹನಗಳಿಗೆ ಕೊರತೆಯಿಲ್ಲ. ದಾರಿ ಮಾಡುವವರು ಚಕ್ರಗಳನ್ನು ಎಣಿಸುವಾಗ ನಮ್ಮಂಥವರ ಎರಡು ಚಕ್ರಗಳನ್ನು ಮರೆತರೆಂದೇ ನಮ್ಮ ಭಾವನೆ. ನಾವು ಬೆಳಗ್ಗೆ ಐದೂವರೆಗೇ ಹೊರಟೆವು. ಮುಂದೆ ಮಗಳು, ಹಿಂದೆ ನಾವು, ಮಧ್ಯೆ ಉಳಿದ ಇಬ್ಬರು. ದಕ್ಷಿಣದ ಕವಲಿನ ಸೇತುವೆಯನ್ನು ದಾಟುವ ಹೊತ್ತಿಗೆ ಹೊಳೆಯ ಮೇಲೆ ಮಂಜು ಹಾಸಿತ್ತು.

ಕೋಟೆಯ ಪಶ್ಚಿಮ ಭಾಗದಲ್ಲಿ ಶ್ರೀರಂಗನಾಥನ ದೇವಾಲಯ. ಬೆಳಗಿನ ಹೊತ್ತು ಜನಸಂದಣಿಯಿಲ್ಲದೆ ದರ್ಶನ ಸುಲಭವಾಯಿತು. ಕೋಟೆಯೊಳಗಿನ ರಸ್ತೆಗಳು ಸಮತಟ್ಟಾಗಿದ್ದು ಮಕ್ಕಳಿಗೂ ಸುಗಮವಾಗಿವೆ. ರೈಲುದಾರಿಯ ಬಳಿಯ ಹಳೆಯ ಮದ್ದಿನ ಮನೆಯನ್ನು ತಪ್ಪದೆ ನೋಡಬೇಕು. ಜೋಡಿದಾರಿಗೆ ಅದು ಅಡ್ಡವಾದುದರಿಂದ 2017ರಲ್ಲಿ ಇಡೀ ಕಟ್ಟಡವನ್ನೇ ತಳದಿಂದ ಬಿಡಿಸಿ, ಜಾಕಿಗಳ ಮೇಲೆ ಎತ್ತಿ, ನೂರು ಮೀಟರಿಗೂ ಮಿಕ್ಕ ದೂರಕ್ಕೆ ಸಾಗಿಸಿ ಕೂರಿಸಿದರು. ಹುಡುಗನು ಅದರ ಗೋಡೆಯನ್ನು ಸುತ್ತಿ ಸುತ್ತಿ ಬಿರುಕನ್ನು ಹುಡುಕಿದನು. ಟೀಪೂ ಸುಲ್ತಾನನು 1799ನೆಯ ಮೇ 4ರಂದು ಮಡಿದ ಸ್ಥಳವೂ, ಬೈಲಿಯ ಸೆರೆಮನೆಯೂ, ಎರಡು ಎತ್ತರದ ಮಿನಾರುಗಳ ಮಸೀದಿಯೂ ಕೋಟೆಯೊಳಗೇ ಇವೆ. ಇವನ್ನು ಎಲ್ಲ ಕೈಪಿಡಿಗಳೂ ವರ್ಣಿಸಿರುವುದರಿಂದ ಮುಂದಕ್ಕೆ ಹೋಗೋಣ.

ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯನ್ನು ಮಾತ್ರ ದಡದಲ್ಲಿ ನಿಂತು ನೋಡಬೇಕು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದುದು ಇದು. ನಮ್ಮ ದೇವಾಲಯಗಳಲ್ಲಿ ಕಂಬ, ಬೋದಿಗೆ, ತೊಲೆಗಳನ್ನು ಒಂದರ ಮೇಲೊಂದು ಹೇರಿಸುವ ಕ್ರಮದಲ್ಲಿಯೇ ಹೊಳೆಯ ನಡುವೆ ಕಲ್ಲುಕಂಬಗಳನ್ನು ನಿಲ್ಲಿಸಿ ಕಟ್ಟಿದ್ದಾರೆ. ಹೆಸರು ಇಂಗ್ಲಿಷರ ಗವರ್ನರ್ ಜನರಲನದಾದರೂ ಕೈ ನಮ್ಮವರದು. ನಮ್ಮ ಮನೆಯವರು ಇದನ್ನು ಕಂಡು, “ಹೊಳೆಯೊಳಗೆ ಮಂಟಪವನ್ನು ಉದ್ದಕ್ಕೆ ಎಳೆದಂತಿದೆ,” ಎಂದರು. ಇದಕ್ಕಿಂತ ಒಳ್ಳೆಯ ವರ್ಣನೆ ನಮಗೆ ತೋಚಲಿಲ್ಲ.

ಕೋಟೆಯಿಂದ ಪೂರ್ವಕ್ಕೆ ಹೊರಟರೆ ಸುಮಾರು ಒಂದು ಕಿಲೋಮೀಟರಿನಲ್ಲಿ ದರಿಯಾ ದೌಲತ್ ತೋಟ. ಬೈಸಿಕಲ್ಲುಗಳನ್ನು ಹೊರಗೆ ಬೀಗಹಾಕಿ ನಿಲ್ಲಿಸಿ ಒಳಗೆ ನಡೆದೇ ಹೋಗಬೇಕು. ಹೆಬ್ಬಾಗಿಲಿನಿಂದ ಅರಮನೆಯವರೆಗೆ ನೇರವಾದ ದಾರಿ, ಇಕ್ಕೆಲದಲ್ಲಿ ಹುಲ್ಲುಹಾಸು, ಅದರಾಚೆ ಹಿರಿಯ ಮರಗಳ ನೆರಳು. ಟೀಪುವು 1784ರಲ್ಲಿ ಕಟ್ಟಿಸಿದ ಈ ಬೇಸಗೆಯ ಅರಮನೆ ಹೊರಗಿನಿಂದ ಅಂಥ ಭವ್ಯವೇನೂ ಅಲ್ಲ. ಬಿಸಿಲಿಗೆ ಅಡ್ಡವಾಗಿ ಇಳಿಬಿಟ್ಟಿರುವ ಪರದೆಗಳಲ್ಲಿ ಅರ್ಧ ಮುಚ್ಚಿಹೋಗಿರುತ್ತದೆ. ಪರದೆಯ ಒಳಗೆ ಕಾಲಿಟ್ಟಮೇಲೆ ಗೋಡೆ, ಕಂಬ, ಕಮಾನು, ಮೇಲ್ಛಾವಣಿ, ಎಲ್ಲಿ ನೋಡಿದರೂ ಬಣ್ಣ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರಿನ ಯುದ್ಧ: ಇಂಗ್ಲಿಷರ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ಮಧ್ಯದಲ್ಲಿ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ, ಸುತ್ತಲೂ ಮುತ್ತಿ ಬರುವ ಮೈಸೂರಿನ ಕುದುರೆಗಳು. ಮದ್ದಿನ ಗಾಡಿಯೊಂದು ಸಿಡಿಯುತ್ತಿರುವುದನ್ನೂ ಚಿತ್ರಗಾರನು ಮರೆತಿಲ್ಲ. ಪಟ್ಟಣವು ಬಿದ್ದ ಮೇಲೆ ಇದೇ ಮನೆಯಲ್ಲಿ ಕರ್ನಲ್ ವೆಲ್ಲೆಸ್ಲಿ ವಾಸವಾಗಿದ್ದನು. ಮಾಸಿಹೋಗಿದ್ದ ಚಿತ್ರಗಳನ್ನು ಮುಂದೆ ಲಾರ್ಡ್ ಡಾಲ್‌ಹೌಸಿ ಮತ್ತೆ ಬರೆಯಿಸಿದನು. ತಮ್ಮವರ ಸೋಲಿನ ಚಿತ್ರಕ್ಕೆ ಗೆದ್ದವರೇ ಬಣ್ಣ ಹಚ್ಚಿಸಿದರು! ಮಗಳು ಒಂದು ಗಂಟೆಯ ಕಾಲ ಅಲ್ಲಿಂದ ಕದಲಲಿಲ್ಲ. ನಾವೂ ಒತ್ತಾಯಿಸಲಿಲ್ಲ, ಕಾಯುತ್ತ ನಿಂತ ಬಾಡಿಗೆಯ ಕಾರೇನೂ ಇರಲಿಲ್ಲವಷ್ಟೆ.

ತೋಟದಿಂದ ಗಂಜಾಮಿನವರೆಗಿನ ದಾರಿಯೇ ಈ ಸಂಚಾರದ ಸಾರ. ಅಗಲವಲ್ಲದ ರಸ್ತೆ, ಒಂದು ಕಡೆ ಮನೆಗಳು, ಇನ್ನೊಂದು ಕಡೆ ಗದ್ದೆ, ತೆಂಗು, ಬಾಳೆ, ಕಬ್ಬು. ಹೊಳೆಯ ಮಧ್ಯದ ಈ ನೆಲಕ್ಕೂ ಕಾಲುವೆಯ ನೀರುಂಟು: ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ತೋಡಿಸಿದ ಬಂಗಾರದೊಡ್ಡಿ ನಾಲೆಯನ್ನು ಹೊಳೆಯ ಕವಲಿನ ಮೇಲೆಯೇ ಹಾಯಿಸಿ ದ್ವೀಪಕ್ಕೆ ತಂದಿದ್ದಾರೆ. ಕಬ್ಬಿನ ಗಾಡಿಗಳು ಹೋದ ಕಡೆ ಸಿಪ್ಪೆಯೂ, ಬೇಲಿಗಳ ಬಳಿ ಜಾಲಿಯ ಮುಳ್ಳೂ ಬಿದ್ದಿರುತ್ತವೆ. ನಮ್ಮ ಹಿಂದಿನ ಚಕ್ರಕ್ಕೆ ಅಂಥದೊಂದು ಮುಳ್ಳು ಚುಚ್ಚಿ ಅರ್ಧ ಗಂಟೆ ವ್ಯರ್ಥವಾಯಿತು. ಗಾಳಿ ಹಾಕುವ ಪಂಪನ್ನೂ ಟ್ಯೂಬಿಗೆ ತೇಪೆ ಹಾಕುವ ಸಾಮಾನನ್ನೂ ಜತೆಯಲ್ಲಿಟ್ಟುಕೊಳ್ಳಬೇಕೆಂದು ಬರೆಯುವವರೇ ತೇಪೆಯ ಅಂಟನ್ನು ಮನೆಯಲ್ಲಿ ಮರೆತಿದ್ದರು. ಹಾದಿಯಲ್ಲಿ ಹೋಗುತ್ತಿದ್ದ ರೈತನೊಬ್ಬನು ತನ್ನ ಮನೆಯಿಂದ ತಂದುಕೊಟ್ಟು, ಕಾಸನ್ನು ಮುಟ್ಟಲಿಲ್ಲ.

ನಿಮಿಷಾಂಬೆಯ ಗುಡಿಯ ಬಳಿ ತಾಯಿಯವರು ಕಾದಿದ್ದರು. ಹೊಳೆಗೆ ಇಳಿಯುವ ಮೆಟ್ಟಿಲುಗಳ ಮೇಲಣ ನೆರಳಿನಲ್ಲಿ ಊಟವಾಯಿತು. ಅಲ್ಲಿಂದ ಅವರು ಬಸ್ಸಿಗೆ ಹಿಂದಿರುಗುವುದೆಂದು ಗೊತ್ತಾಗಿತ್ತು. ಆದರೆ ಅವರು ಕೈ ತೊಳೆದು ಬಂದು, “ಸಂಗಮಕ್ಕೆ ನಾನೂ ಬರುತ್ತೇನೆ. ಒಂದು ಆಟೋ ನೋಡು,” ಎಂದರು. ಅವರು ಸಂಗಮಕ್ಕೆ ಬಂದುದನ್ನು ನಾವು ಹುಟ್ಟಿದಂದಿನಿಂದ ಕಂಡಿರಲಿಲ್ಲ.

ದಾರಿಯಲ್ಲಿ ಗುಂಬಜಿನ ತೋಟ. ತಂದೆ ಹೈದರಾಲಿಗಾಗಿ ಟೀಪು ಕಟ್ಟಿಸಿದ ಗೋರಿಯಲ್ಲಿ ತಂದೆ, ತಾಯಿ, ಮಗ ಮೂವರೂ ಒಂದೇ ಮಾಡಿನ ಕೆಳಗೆ ಮಲಗಿದ್ದಾರೆ. ಕರಿಕಲ್ಲಿನ ನುಣುಪಾದ ಕಂಬಗಳನ್ನು ಮುಟ್ಟಿ ನೋಡಿ, ಸುಮಾರು ಎರಡು ಕಿಲೋಮೀಟರಿನ ಇಳಿಜಾರಿನ ದಾರಿಯಲ್ಲಿ ಪೆಡಲು ತುಳಿಯದೆಯೇ ಎಂಬಷ್ಟು ಹಾಯಾಗಿ ಸಂಗಮಕ್ಕೆ ಬಂದೆವು. ಅಗಲಿದ್ದ ಎರಡು ಕವಲುಗಳು ಇಲ್ಲಿ ಕೂಡಿ ಒಂದೇ ಹೊಳೆಯಾಗಿ ಪೂರ್ವಕ್ಕೆ ಹರಿಯುತ್ತವೆ. ನೀರು ತಿಳಿಯಾಗಿ, ಅಲುಗಾಡದಂತೆಯೇ ಇತ್ತು. ದಡದಲ್ಲಿ ಹರಿಗೋಲುಗಳು ಮಗುಚಿ ಬಿದ್ದಿದ್ದವು. ಹುಡುಗನು ಬೈಸಿಕಲ್ಲನ್ನು ಒಂದು ಮರಕ್ಕೆ ಒರಗಿಸಿ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದನು.

ತಾಯಿಯವರು ಕೂಗಲಿಲ್ಲ. ಹತ್ತಿರ ಹೋಗಿ ಅವನ ಕೈಹಿಡಿದು ಮೆಟ್ಟಿಲ ಮೇಲೆ ಕೂರಿಸಿ ಹೇಳಿದರು: “ಮಗೂ, ನನ್ನ ತಮ್ಮನೂ ಹೀಗೆಯೇ ಒರಗಿಸಿದ್ದನಂತೆ. ನಿನ್ನಷ್ಟೇ ವಯಸ್ಸು. ಈಜು ಚೆನ್ನಾಗಿ ಬರುತ್ತಿತ್ತು. ಮಾರನೆಯ ದಿನ ಯಾರೋ ಸೈಕಲ್ಲನ್ನು ತಳ್ಳಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದರು.”

ನಡೆದದ್ದು 1966ರ ಬೇಸಗೆಯಲ್ಲಿ. ನಮ್ಮ ಸೋದರಮಾವನೊಬ್ಬರು ಎಳೆಯ ವಯಸ್ಸಿನಲ್ಲಿ ತೀರಿಕೊಂಡರೆಂದಷ್ಟೇ ನಾವು ಕೇಳಿದ್ದೆವು, ಹೇಗೆಂದು ಕೇಳಿರಲಿಲ್ಲ. ನಲವತ್ತು ವರ್ಷ ನಕ್ಕು ತಳ್ಳಿಹಾಕಿದ ಭಯವು ಎಲ್ಲಿಂದ ಬಂದುದೆಂಬುದು ಆ ಮೆಟ್ಟಿಲ ಮೇಲೆ ತಿಳಿಯಿತು. ಹುಡುಗನು ಗುಂಡಿಗಳನ್ನು ಹಾಕಿಕೊಂಡನು. ಹರಿಗೋಲಿನ ಮುದುಕನು ಇದನ್ನೆಲ್ಲ ಕೇಳುತ್ತಿದ್ದು, ಎರಡು ಕವಲುಗಳ ಸೆಳೆತ ಕೂಡುವ ಕಡೆ ಅಡಿಯಲ್ಲಿ ಬಂಡೆಗಳ ಸಂದುಗಳೂ ಮಡುವುಗಳೂ ಇವೆಯೆಂದೂ, ಮೇಲೆ ಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ನೋಡುತ್ತಿದ್ದಂತೆಯೇ ಏರುವುದೆಂದೂ ತಿಳಿಸಿದನು. ಮಕ್ಕಳೊಡನೆ ಹೋಗುವವರು ಮೆಟ್ಟಿಲಿನಲ್ಲಿಯೇ ಕುಳಿತು ತಂಬಿಗೆಯಿಂದ ಸ್ನಾನಮಾಡುವುದು ಮೇಲು. ತಾಯಿಯವರು ಹೂವನ್ನು ಬಿಟ್ಟು, ಅದು ತಿರುಗಿ ತಿರುಗಿ ಹೋಗುವವರೆಗೂ ನೋಡಿದರು.

ಬಿಡುವಿದ್ದವರು ಇನ್ನೊಂದು ದಿನವನ್ನು ಕರಿಘಟ್ಟಕ್ಕೆ ಮೀಸಲಿಡಬಹುದು. ಉತ್ತರದ ಕವಲಿನ ಆಚೆ, ಲೋಕಪಾವನಿಯು ಕಾವೇರಿಗೆ ಸೇರುವ ಕಡೆಯಲ್ಲಿರುವ ಆ ಬೆಟ್ಟದ ಮೇಲಿಂದ ದ್ವೀಪವೆಲ್ಲ ಕಾಣುತ್ತದೆ. ಪಕ್ಷಿಗಳ ಮೇಲೆ ಪ್ರೀತಿಯುಳ್ಳವರಿಗೆ ರಂಗನತಿಟ್ಟು ಕೆಲವೇ ಕಿಲೋಮೀಟರು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು.

ನಾವು ಬಂದ ದಾರಿಯಲ್ಲಿಯೇ ಹಿಂದಿರುಗಿ, ಗಾಂಧೀಜಿಯವರ ಚಿತಾಭಸ್ಮವನ್ನು 1948ರಲ್ಲಿ ವಿಸರ್ಜಿಸಿದ ಪಶ್ಚಿಮವಾಹಿನಿಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಪೂರ್ವಕ್ಕೆ ಹರಿಯುವ ಹೊಳೆ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತದೆ. ಹೊತ್ತು ಮುಳುಗುವ ಮುಂಚೆ ದೀಪಗಳನ್ನು ಹೊತ್ತಿಸಿಕೊಂಡು ಮೈಸೂರಿನ ದಾರಿ ಹಿಡಿದೆವು. ಬಸ್ಸಿನಲ್ಲಿ ಹೋದ ತಾಯಿಯವರು ನಮಗಿಂತ ಮೊದಲೇ ಮನೆ ಸೇರಿದ್ದರು. ರಾತ್ರಿ ಊಟವಾದ ಮೇಲೆ ಹುಡುಗನು ಜಗಲಿಯಲ್ಲಿ ಬೈಸಿಕಲ್ಲಿನ ಸರಪಣಿಗೆ ಹತ್ತಿದ ಮರಳನ್ನು ಒರೆಸುತ್ತಿದ್ದಾಗ, ಅವರು ಒಳಗಿನಿಂದ ಹೊಲಿಗೆಯಂತ್ರದ ಎಣ್ಣೆಯ ಡಬ್ಬಿಯನ್ನು ತಂದು ಅವನ ಪಕ್ಕದಲ್ಲಿಟ್ಟರು.