ಹಿಂದೆ ಬರುವವನು

ನಲವತ್ತೈದು ದಾಟಿದ ಕನ್ನಡ ಮೇಷ್ಟ್ರು ಮೋಟಾರ್ ಸೈಕಲ್ಲನ್ನೇರಿ ಮಲೆನಾಡು ಸುತ್ತಲು ಹೊರಟರೆ ನೆರೆಹೊರೆಯವರು ನಗುವುದು ಸಹಜ. ನಮ್ಮ ಮನೆಯಲ್ಲೂ ನಕ್ಕರು. "ಬೆನ್ನಿಗೆ ಹಚ್ಚುವ ಎಣ್ಣೆ ಮರೆಯಬೇಡಿ" ಎಂದಷ್ಟೇ ಹೇಳಿ ನನ್ನಾಕೆ ಚೀಲ ಕಟ್ಟಿಕೊಟ್ಟಳು. ಆ ಮಾತಿನಲ್ಲಿ ಅನುಮತಿಯೂ ಇತ್ತು, ಭವಿಷ್ಯವಾಣಿಯೂ ಇತ್ತು.

ಹೊರಟವರು ಮೂವರು. ಒಂದು ಕಾಲಕ್ಕೆ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಒಬ್ಬ ಈಗ ಗಣಿತದ ಮೇಷ್ಟ್ರು, ಇನ್ನೊಬ್ಬ ಬ್ಯಾಂಕಿನಲ್ಲಿದ್ದಾನೆ. ಪ್ರವಾಸದ ಮಾತೆತ್ತಿದವನು ಬ್ಯಾಂಕಿನವನು. ಅವನ ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ವೈಕುಂಠ ಸಮಾರಾಧನೆಯ ದಿನ ಊಟಮಾಡಿ ಬಂದವನು ನಾನು ಮತ್ತೆ ಅವನ ಮನೆಯ ಕಡೆಗೆ ತಲೆ ಹಾಕಿರಲಿಲ್ಲ. ಮೌಲ್ಯಮಾಪನ, ಮಗಳ ಪರೀಕ್ಷೆ, ಸೆಮಿನಾರು: ಕಾರಣಗಳಿಗೇನು ಬರ? "ದಸರಾ ರಜದಲ್ಲಿ ನಾಲ್ಕು ದಿನ ಎಲ್ಲಾದರೂ ಹೋಗಿಬರೋಣ ಕಣ್ರೋ" ಎಂದು ಅವನೇ ಫೋನಿನಲ್ಲಿ ಅಂದಾಗ, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ವಾಹನ ನಮ್ಮ ತಂದೆ ಬಿಟ್ಟುಹೋದ ಯೆಜ್ಡಿ. ಮೈಸೂರಿನಲ್ಲೇ ಹುಟ್ಟಿದ್ದು. ಅದನ್ನು ಹಡೆದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಇದು ಇನ್ನೂ ಓಡುತ್ತಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಒದ್ದು ಎಬ್ಬಿಸುವ ಕಿಕ್ಕರೇ ಆಮೇಲೆ ಗೇರು ಹಾಕುವುದಕ್ಕೂ ಒದಗುತ್ತದೆ. ಹಾಸನದ ಬಳಿ ಅದರ ಸದ್ದು ಕೇಳಿ ಮುದುಕರೊಬ್ಬರು ಹೋಟೆಲಿನಿಂದ ಎದ್ದು ಬಂದು, ಎತ್ತಿನ ಬೆನ್ನು ತಟ್ಟುವಂತೆ ಟ್ಯಾಂಕನ್ನು ತಟ್ಟಿ ಹೋದರು. ಬಲಗಡೆಯ ಕನ್ನಡಿಯ ನಟ್ಟು ಮಾತ್ರ ಸಡಿಲವಾಗಿತ್ತು. ಬಿಗಿಮಾಡಿಸಬೇಕೆಂದುಕೊಂಡೇ ತಿಂಗಳು ಕಳೆದಿದ್ದೆ.

ಹೊರಡುವಾಗಲೇ ಗಣಿತದ ಮೇಷ್ಟ್ರು ಒಂದು ಸೂತ್ರ ಹೇಳಿದ: "ಮುಂದಿನವನನ್ನು ಹಿಡಿಯಲು ಹೋಗಬೇಡಿ. ಹಿಂದಿನವನು ಕನ್ನಡಿಯಲ್ಲಿ ಕಾಣುತ್ತಿರಲಿ. ಕಾಣದಿದ್ದರೆ ನಿಲ್ಲಿ." ಒಬ್ಬೊಬ್ಬನೂ ತನ್ನ ಹಿಂದಿನ ಒಬ್ಬನನ್ನು ನೋಡಿಕೊಂಡರೆ ಸಾಕು, ಎಷ್ಟು ಜನವಿದ್ದರೂ ಯಾರೂ ಕಳೆದುಹೋಗುವುದಿಲ್ಲವಂತೆ. ಅವನು ಮುಂದೆ, ನಾನು ನಡುವೆ, ಬ್ಯಾಂಕಿನವನು ಹಿಂದೆ ಎಂದು ಗೊತ್ತಾಯಿತು.

ಮೊದಲ ರಾತ್ರಿ ಚಿಕ್ಕಮಗಳೂರು. ಮರುದಿನ ಬೆಳಿಗ್ಗೆ ಮುಳ್ಳಯ್ಯನಗಿರಿ. ಕರ್ನಾಟಕದ ಅತ್ಯಂತ ಎತ್ತರದ ಶಿಖರವೇರಿ ನಾವು ಕಂಡದ್ದು ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಷ್ಟು ಮಂಜು! ಅಲ್ಲಿಂದ ಇಳಿದು ಮೂಡಿಗೆರೆ, ಕೊಟ್ಟಿಗೆಹಾರ. ಸಂಜೆಗೆ ಭದ್ರೆಯ ಮಗ್ಗುಲಲ್ಲಿರುವ ಕಳಸ. ಆ ರಾತ್ರಿ ಎಚ್ಚರವಾದಾಗ ಬ್ಯಾಂಕಿನವನು ವಸತಿಗೃಹದ ಜಗಲಿಯಲ್ಲಿ ಒಬ್ಬನೇ ಕುಳಿತಿದ್ದ. ಎದ್ದುಹೋಗಿ ಪಕ್ಕದಲ್ಲಿ ಕೂರಬಹುದಾಗಿತ್ತು. ಏನು ಮಾತಾಡಬೇಕೆಂದು ತಿಳಿಯದೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ. ಮಾತು ಕಲಿಸಿ ಸಂಬಳ ತೆಗೆದುಕೊಳ್ಳುವವನ ಪಾಡು ಇದು.

ಮೂರನೆಯ ದಿನ ಕುದುರೆಮುಖದ ದಾರಿ. 2005ರ ಕೊನೆಗೆ ಕಬ್ಬಿಣದ ಗಣಿ ನಿಂತಮೇಲೆ ಬರಿದಾದ ಪಟ್ಟಣವನ್ನು ದಾಟಿದರೆ, ಮುಂದೆಲ್ಲ ಹುಲ್ಲುಬೆಟ್ಟ, ಬೆಟ್ಟಗಳ ಸಂದಿಯಲ್ಲಿ ಶೋಲಾ ಕಾಡು. ಇದು ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟಿನಲ್ಲಿ ವೇಳೆ ಬರೆದ ಚೀಟಿ ಕೊಡುತ್ತಾರೆ. ಗೊತ್ತಾದ ಅವಧಿಯೊಳಗೆ ಕಾಡು ದಾಟಬೇಕು. ಎರಡು ದಿನದಲ್ಲಿ ನನ್ನ ಕೈ ಪಳಗಿತ್ತು. ತಿರುವಿನಲ್ಲಿ ಗಾಡಿಯನ್ನು ಓಲಿಸುವ ಸುಖ ತಿಳಿದಿತ್ತು. ಹತ್ತೊಂಬತ್ತರ ಹುಡುಗ ಮೈಯೊಳಗೆ ಎದ್ದು ಕುಳಿತಿದ್ದ. ಗಂಗಾಮೂಲದ ಹತ್ತಿರ ಕನ್ನಡಿ ತಿರುಗಿಹೋಗಿ ನನ್ನ ಮುಖವನ್ನೇ ತೋರಿಸತೊಡಗಿತು. ಕೈಚಾಚಿ ಸರಿಪಡಿಸಲು ಅರೆಕ್ಷಣ ಸಾಕಿತ್ತು. ಸರಿಪಡಿಸಲಿಲ್ಲ. ಚೀಟಿಯ ವೇಳೆ ಮೀರುತ್ತದೆಂದು ನನಗೆ ನಾನೇ ಹೇಳಿಕೊಂಡೆ.

ಎಸ್.ಕೆ. ಬಾರ್ಡರಿನಲ್ಲಿ ದಾರಿ ಕವಲಾಗುತ್ತದೆ. ಒಂದು ಕಾರ್ಕಳಕ್ಕೆ, ಇನ್ನೊಂದು ಶೃಂಗೇರಿಗೆ. ಅಲ್ಲಿ ಕಾಯುತ್ತಿದ್ದ ಗಣಿತದ ಮೇಷ್ಟ್ರು ನನ್ನ ಹೆಗಲಿನ ಆಚೆಗೆ ನೋಡಿ, "ಅವನೆಲ್ಲೋ?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಚೆಕ್‌ಪೋಸ್ಟಿನವರಿಗೆ ಹೇಳಿ ಬಂದ ದಾರಿಯಲ್ಲೇ ತಿರುಗಿದೆವು. ಮಂಜು ಇಳಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಕಂದಕದ ಕಡೆ ಕಣ್ಣು ಹಾಯಿಸುತ್ತ, ಹರಕೆಗಳಲ್ಲಿ ನಂಬಿಕೆಯಿಲ್ಲದ ನಾನು ಎಷ್ಟು ಹರಕೆ ಹೊತ್ತೆನೋ!

ಏಳೆಂಟು ಕಿಲೋಮೀಟರು ಹಿಂದೆ ಅವನು ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ಪಾಚಿಯ ಮೇಲೆ ಗಾಡಿ ಜಾರಿ ಬಲಗಾಲಿನ ಮೇಲೆ ಬಿದ್ದಿತ್ತು. ಆಮೇಲೆ ಬಂದ ಪಿಕಪ್ಪಿನ ತೋಟದಾಳುಗಳು ಎತ್ತಿದ್ದರು. ಕಣಕಾಲು ಬಾತಿತ್ತು, ಪುಣ್ಯಕ್ಕೆ ಬೇರೇನೂ ಆಗಿರಲಿಲ್ಲ. ಅವನು ಬೈಯಲಿಲ್ಲ. "ನಿನ್ನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಹೋಗೋದು ಕಾಣಿಸ್ತು ಕಣೋ. ಕೂಗಿದೆ" ಎಂದ, ಅಷ್ಟೆ.

ಅವನ ಗಾಡಿ ಪಿಕಪ್ಪೇರಿತು. ಅವನು ನನ್ನ ಹಿಂದೆ ಕುಳಿತ. ಶೃಂಗೇರಿಯವರೆಗೂ ನನ್ನ ಹೆಗಲಿನ ಮೇಲೆ ಅವನ ಕೈಯಿತ್ತು. ಸ್ವಲ್ಪ ದೂರ ಸುಮ್ಮನಿದ್ದು, ಆಮೇಲೆ ನನ್ನ ಕಿವಿಯ ಹತ್ತಿರ ಮಾತಾಡತೊಡಗಿದ. ಹೆಂಡತಿಯ ಕೊನೆಯ ತಿಂಗಳುಗಳು, ಈಗ ಸಂಜೆ ಬ್ಯಾಂಕಿನಿಂದ ಬಂದು ಬೀಗ ತೆಗೆಯುವುದು, ಒಬ್ಬನಿಗೆ ಅಕ್ಕಿ ಅಳೆಯಲು ಬಾರದೆ ದಿನವೂ ಅನ್ನ ಮಿಗುವುದು. ಎದುರು ಕುಳಿತಿದ್ದರೆ ಅವನು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಯೆಜ್ಡಿಯ ಸದ್ದಿನಲ್ಲಿ ಅರ್ಧ ಮಾತು ಹಾರಿಹೋಯಿತು. ಸಿಕ್ಕಿದ ಅರ್ಧವೇ ಒಂದೂವರೆ ವರ್ಷಕ್ಕೆ ಸಾಕಾಗುವಷ್ಟಿತ್ತು.

ಶೃಂಗೇರಿಯಲ್ಲಿ ವೈದ್ಯರು, ಮೂಳೆ ಮುರಿದಿಲ್ಲವೆಂದು ಪಟ್ಟಿ ಕಟ್ಟಿದರು. ನಾಲ್ಕನೆಯ ದಿನ, ಅವನ ಗಾಡಿಯನ್ನು ಪರಿಚಯದವರಲ್ಲಿ ಬಿಟ್ಟು, ತೀರ್ಥಹಳ್ಳಿ, ಶಿವಮೊಗ್ಗದ ಮೇಲೆ ಕೂಡಲಿಗೆ ಬಂದೆವು. ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆಬೇರೆ ಹರಿದ ತುಂಗೆ ಭದ್ರೆಯರು ಅಲ್ಲಿ ಸೇರುತ್ತಾರೆ. ನಾನು ಏನೋ ಹೇಳಲು ಬಾಯಿ ತೆರೆದೆ. "ತರಗತಿ ಬೇಡ ಮಾರಾಯ" ಎಂದ ಗಣಿತದ ಮೇಷ್ಟ್ರು. ಬ್ಯಾಂಕಿನವನು ನಕ್ಕ. ಆ ನಾಲ್ಕು ದಿನದಲ್ಲಿ ಅವನು ಗಟ್ಟಿಯಾಗಿ ನಕ್ಕದ್ದು ಅದೊಂದೇ ಸಲ.

ಊರಿಗೆ ಬಂದ ಮರುದಿನವೇ ಕನ್ನಡಿಯ ನಟ್ಟು ಬಿಗಿಮಾಡಿಸಿದೆ. ಎರಡು ನಿಮಿಷದ ಕೆಲಸ. ಮೆಕ್ಯಾನಿಕ್ ಕಾಸು ತೆಗೆದುಕೊಳ್ಳಲಿಲ್ಲ. ಈಗ ಸಂಜೆ ಏಳಕ್ಕೆ, ಅವನು ಬೀಗ ತೆಗೆಯುವ ಹೊತ್ತಿಗೆ ಫೋನು ಮಾಡುತ್ತೇನೆ. "ಏನೋ ವಿಶೇಷ?" ಎನ್ನುತ್ತಾನೆ. "ಏನಿಲ್ಲ, ಅನ್ನ ಎಷ್ಟು ಮಿಕ್ಕಿತು?" ಎಂದು ಕೇಳುತ್ತೇನೆ.