ಲೆಕ್ಕಕ್ಕೆ ಬಾರದ ಆದಾಯ

ವಾಚಕಮಿತ್ರರಲ್ಲಿ ಹಲವರ ಮನೆಯವರು ನಮ್ಮಂತೆಯೇ ವರ್ಗವಾಗಿ ಚೆನ್ನೈಗೆ ಬಂದವರು. 2022ರ ಬೇಸಗೆಯಲ್ಲಿ ನಮ್ಮ ತಂದೆಯವರಿಗೆ ಬೆಂಗಳೂರಿನಿಂದ ಇಲ್ಲಿಗೆ ವರ್ಗವಾಯಿತು. ಕೇಂದ್ರ ಸರಕಾರದ ನೌಕರಿಯಾದುದರಿಂದ ಸಂಬಳದಲ್ಲಿ ವ್ಯತ್ಯಾಸವಿಲ್ಲ. ಸರಕಾರದ ದೃಷ್ಟಿಯಲ್ಲಿ ಎರಡು ನಗರಗಳೂ 'ಎಕ್ಸ್' ದರ್ಜೆಯವು. ಮನೆಬಾಡಿಗೆ ಭತ್ಯೆ ಆಗ ಎರಡು ಕಡೆಯೂ ಮೂಲವೇತನದ ನೂರಕ್ಕೆ 27 ಭಾಗ.

ಹೊರಡುವ ಮುನ್ನ ತಂದೆಯವರು ಹಾಳೆಯೊಂದರ ನಡುವೆ ಗೆರೆಯೆಳೆದು, ಎಡಕ್ಕೆ ಬೆಂಗಳೂರು ಬಲಕ್ಕೆ ಚೆನ್ನೈ ಎಂದು ಬರೆದರು. ಮಲ್ಲೇಶ್ವರದ ಮನೆಗೆ ಬಾಡಿಗೆ 14,000 ರೂಪಾಯಿ. ತಿರುವಲ್ಲಿಕೇಣಿಯಲ್ಲಿ ಗೊತ್ತುಮಾಡಿದ ಮನೆಗೆ 12,500. ಇಲ್ಲಿನ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಹೆಂಗಸರಿಗೆ 2021ರ ಮೇ ತಿಂಗಳಿನಿಂದಲೇ ಪ್ರಯಾಣ ಉಚಿತ. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲಿನಲ್ಲಿ ಮೊದಲ 100 ಯೂನಿಟ್ಟಿಗೆ ಹಣವಿಲ್ಲ. ಕರ್ನಾಟಕದಲ್ಲಿಯೂ ಇಂಥ ಸೌಕರ್ಯಗಳು ಬಂದವು, ಆದರೆ ನಾವು ಊರು ಬಿಟ್ಟ ಮರುವರ್ಷ! ತಿಂಗಳಿಗೆ ಎರಡು ಸಾವಿರ ಉಳಿಯುವುದೆಂದೂ, ಅದನ್ನು ಕೂಡಿಟ್ಟು 2023ರಲ್ಲಿ ಅಕ್ಕನನ್ನು ಕಾಲೇಜಿಗೆ ಸೇರಿಸುವುದೆಂದೂ ನಿಶ್ಚಯವಾಯಿತು.

ಸೆಕೆಯನ್ನು ಆ ಹಾಳೆಯಲ್ಲಿ ಯಾರೂ ಬರೆದಿರಲಿಲ್ಲ. ಅಜ್ಜಿಯವರಿಗೆ ತಡೆಯಲಾಗದೆ ಎ.ಸಿ. ಯಂತ್ರ ಕೊಂಡೆವು, ಬಿಲ್ಲು 500 ಯೂನಿಟ್ಟನ್ನು ದಾಟಿತು. ಹಾಗೆ ದಾಟಿದರೆ ಮೇಲಿನ ಯೂನಿಟ್ಟುಗಳಿಗೆ ಮಾತ್ರವಲ್ಲ, ಕೆಳಗಿನ ಕೆಲವಕ್ಕೂ ದರ ಏರುವುದೆಂದು ಆಗ ತಿಳಿಯಿತು. ಕೊಳವೆಬಾವಿಯ ನೀರು ಉಪ್ಪು. ಅದರಲ್ಲಿ ಬೇಳೆ ಬೇಯದು. ಅಡುಗೆಗೂ ಕ್ಯಾನಿನ ನೀರೇ ಆಗಬೇಕು.

ಆದರೆ ದೊಡ್ಡ ತಪ್ಪು ನಡೆದದ್ದು ಎಡಗಡೆಯ ಲೆಕ್ಕದಲ್ಲಿ. ನಮ್ಮ ತಾಯಿಯವರು ಮಲ್ಲೇಶ್ವರದ ನೆರೆಹೊರೆಗೆ ರವಿಕೆ ಹೊಲಿದು ತಿಂಗಳಿಗೆ ಐದಾರು ಸಾವಿರ ಗಳಿಸುತ್ತಿದ್ದರು. ಅದು ಹಾಲಿಗೂ ಹೂವಿಗೂ ನಮ್ಮ ಪುಸ್ತಕಗಳಿಗೂ ಸದ್ದಿಲ್ಲದೆ ಹೋಗುತ್ತಿದ್ದುದರಿಂದ ಆದಾಯವೆಂದು ಯಾರಿಗೂ ತೋರಿರಲಿಲ್ಲ, ಅವರಿಗೂ ತೋರಿರಲಿಲ್ಲ. ಹೊಲಿಗೆಯ ಯಂತ್ರ ಲಾರಿಯಲ್ಲಿ ಬಂದಿತು, ಗಿರಾಕಿಗಳು ಬರಲಿಲ್ಲ. 2023ರಲ್ಲಿ ಅಕ್ಕ ಕಾಲೇಜಿಗೆ ಸೇರದೆ ಮನೆಯಲ್ಲಿಯೇ ಉಳಿದಳು. ತಂದೆಯವರು ಆ ಹಾಳೆಯನ್ನು ಮತ್ತೆ ತೆಗೆದು ಬಹಳ ಹೊತ್ತು ನೋಡಿದರು. ನಾವು ಯಾರೂ ಮಾತನಾಡಲಿಲ್ಲ.

ಕೊನೆಗೊಮ್ಮೆ ಮಹಡಿಯ ಮನೆಯ ಮಾಮಿ ಬಟ್ಟೆ ತಂದರು. ತಮಿಳಿನಲ್ಲಿ 'ತೋಳ್' ಎಂದರೆ ಭುಜ; ತಾಯಿಯವರು ನಮ್ಮ ತೋಳೆಂದೇ ತಿಳಿದು ಕತ್ತರಿಸಿದರು! ಬಟ್ಟೆಯ ಬೆಲೆ ತೆರಬೇಕಾಯಿತು. ಆದರೂ ಮಾಮಿ ನಕ್ಕು, ಮರುವಾರ ಇನ್ನೊಂದನ್ನು ತಂದರು.

ಅಕ್ಕ ಒಂದು ವರ್ಷ ತಡವಾಗಿ ಸೇರಿದಳು. ಕಳೆದ ತಿಂಗಳು ಹೊಲಿಗೆಯಿಂದ ಬಂದದ್ದು 2,300 ರೂಪಾಯಿ. ತಂದೆಯವರು ಈಗ ಅದನ್ನು ಪುಸ್ತಕದಲ್ಲಿ ಕೆಂಪು ಮಸಿಯಿಂದ ಬರೆಯುತ್ತಾರೆ. ತಾಯಿಯವರಿಗೆ ಇದು ಹಿಡಿಸದು. ಕೆಂಪು ಸಾಲಕ್ಕೆ ಎನ್ನುತ್ತಾರೆ.