20ರಿಂದ 128ಕ್ಕೆ ಒಂದು ವರ್ಗಾವಣೆ

ಗುರುವಾರ ಸಂಜೆ ದೀಪ ಹಚ್ಚಿದ ಮೇಲೆ ಅವ್ವ ನಾಲ್ಕು ಪದ ಹಾಡೋದು, ನಾನು ಪೇಟಿ ಬಾರಿಸೋದು. ನಿಗಡಿಯಲ್ಲಿ ಮನೆ ಮಾಡಿದಾಗಿನಿಂದ ನಡೆದು ಬಂದ ಪದ್ಧತಿ ಇದು. ಧಾರವಾಡದಿಂದ ತಂದ ದಾಸರ ಪದಗಳ ಜೊತೆ ಇಲ್ಲಿ ಕಲಿತ ತುಕಾರಾಮರ ಅಭಂಗಗಳೂ ಸೇರಿಕೊಂಡವು. ದೇಹೂ ಇಲ್ಲೇ ಪಕ್ಕದಲ್ಲಿ, ವಿಠ್ಠಲನಂತೂ ಇಬ್ಬರಿಗೂ ಒಬ್ಬನೇ!

ಆಮೇಲೆ ನನ್ನ ಎಡ ಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್ ಅಂದರು ಡಾಕ್ಟರು. ಪೇಟಿಯ ತಿದಿ ಒತ್ತೋ ಕೈ ಅದೇ ನೋಡಿ. ಎಂಟು ತಿಂಗಳು ಪೇಟಿ ಮುಚ್ಚಿಯೇ ಇತ್ತು. ಅವ್ವ ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು ಕೆಲವು ವಾರ ಹಾಡಿದಳು. ಒಂದು ದಿನ ಮೇಲಿನ ಷಡ್ಜ ಮುಟ್ಟಲಿಲ್ಲ. "ದನಿ ಹೋತು ಬಿಡೋ" ಅಂದವಳು ಮತ್ತೆ ಹಾಡಲೇ ಇಲ್ಲ. ಎಂಬತ್ಮೂರರ ವಯಸ್ಸಿನಲ್ಲಿ ನಿಂತದ್ದು ಮತ್ತೆ ಶುರುವಾಗುತ್ತದೆ ಅನ್ನೋ ಭರವಸೆ ನನಗಿರಲಿಲ್ಲ.

ಮಗ ಕೆಲಸಕ್ಕೆ ಹೊರಡುವಾಗ ಬಿಟ್ಟು ಹೋದ 25 ಕೀಗಳ ಪುಟ್ಟ ಯುಎಸ್‌ಬಿ ಮಿಡಿ ಕೀಬೋರ್ಡ್ ಕಪಾಟಿನಲ್ಲಿತ್ತು. ಅದಕ್ಕೆ ತಿದಿ ಇಲ್ಲ, ಬಲಗೈ ಒಂದೇ ಸಾಕು. ಹಳೇ ಲ್ಯಾಪ್‌ಟಾಪೂ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ, ಹನ್ನೊಂದನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲ ಅಂತ ಮಗ ಉಬುಂಟು ಹಾಕಿಕೊಟ್ಟಿದ್ದ.

ಕೇಬಲ್ ಚುಚ್ಚಿದೆ, ದೀಪ ಹತ್ತಿತು. ಕೀ ಒತ್ತಿದರೆ ಸದ್ದೇ ಇಲ್ಲ! ಕೆಟ್ಟಿದೆ ಅಂದುಕೊಂಡೆ. ಮಗ ಫೋನಿನಲ್ಲಿ ನಕ್ಕ: "ಅಪ್ಪಾ, ಅದಕ್ಕ ಸ್ವಂತ ದನಿ ಇಲ್ಲ."

ಆಗ ತಿಳೀತು ನೋಡಿ. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಕೀಬೋರ್ಡ್ ಕಳಿಸೋದು ಬರೀ ಅಂಕಿಗಳನ್ನ: ಯಾವ ಸ್ವರ, ಎಷ್ಟು ಬಿರುಸಾಗಿ ಒತ್ತಿದರು, ಯಾವಾಗ ಬಿಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಬರೀ ವೋಚರ್. ಲೆಡ್ಜರಿಗೆ ಹತ್ತಿಸೋರು ಬೇರೆ ಬೇಕು. ಆ ಕೆಲಸಕ್ಕೆ ಫ್ಲೂಯಿಡ್‌ಸಿಂತ್ ಅನ್ನೋ ತಂತ್ರಾಂಶ, ಅದರ ಮುಖವಾಗಿ ಕ್ಯೂಸಿಂತ್. ಎರಡೂ ಪುಕ್ಕಟೆ. ಡ್ರೈವರ್ ಹುಡುಕೋ ಗೋಜೂ ಇಲ್ಲ, ಇಂಥ ಕೀಬೋರ್ಡುಗಳನ್ನು ಲಿನಕ್ಸ್ ತಾನೇ ಗುರುತಿಸುತ್ತದೆ.

ಆದರೂ ಸದ್ದಿಲ್ಲ. ಟರ್ಮಿನಲ್‌ನಲ್ಲಿ 'ಎಕನೆಕ್ಟ್' ಆದೇಶ ಕೊಟ್ಟು ಪಟ್ಟಿ ತೆಗೆಸಿದೆ. ಕೀಬೋರ್ಡಿನ ಸಂಖ್ಯೆ 20, ಫ್ಲೂಯಿಡ್‌ಸಿಂತ್‌ದು 128. ಎರಡೂ ಖಾತೆ ಇವೆ, ನಡುವೆ ವ್ಯವಹಾರ ಇಲ್ಲ! 20ರಿಂದ 128ಕ್ಕೆ ಅಂತ ಒಂದು ಸಾಲು ಟೈಪ್ ಮಾಡಿದೆ. ಕೀ ಒತ್ತಿದರೆ... ಪಿಯಾನೋ! ಸ್ವರಪಟ್ಟಿಯಲ್ಲಿ 'ರೀಡ್ ಆರ್ಗನ್' ಆರಿಸಿದ ಮೇಲೆ ಪೇಟಿಯ ಹತ್ತಿರದ ದನಿ ಬಂತು. ಮರುದಿನ ಲ್ಯಾಪ್‌ಟಾಪ್ ಹಚ್ಚಿದರೆ ಆ ಜೋಡಣೆ ಮಾಯ. ಅದನ್ನೊಂದು ಪುಟ್ಟ ಸ್ಕ್ರಿಪ್ಟಿನಲ್ಲಿ ಬರೆದಿಟ್ಟೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂದುಕೊಳ್ಳಿ.

ಗುರುವಾರ ಅವ್ವನನ್ನು ಕೂಡಿಸಿದೆ. "ಗಾಳೀನ ಹಾಕಂಗಿಲ್ಲ, ಇದೆಂಥಾ ಪೇಟಿನೋ?" ಅಂದಳು. ಬಲವಂತಕ್ಕೆ ಶುರು ಮಾಡಿ ಎರಡನೇ ಸಾಲಿಗೇ ನಿಲ್ಲಿಸಿದಳು. "ನಾ ಮುಂದ ಹೋಗ್ತೀನಿ, ನೀ ಹಿಂದ ಬರ್ತಿ."

ಅವಳು ಹೇಳಿದ್ದು ಖರೆ. ಚರಪರ ಸದ್ದು ಬರದಿರಲಿ ಅಂತ 1024ರ ನಾಲ್ಕು ಬಫರ್ ಇಟ್ಟಿದ್ದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಅದು 93 ಮಿಲಿಸೆಕೆಂಡ್ ತಡ. ಸಾಲದ್ದಕ್ಕೆ ಬ್ಲೂಟೂತ್ ಸ್ಪೀಕರ್, ಅದರ ತಡ ಬೇರೆ. ಸ್ಪೀಕರಿಗೆ ವೈರ್ ಹಾಕಿದೆ, 256ರ ಎರಡು ಬಫರ್ ಮಾಡಿದೆ. 93 ಇದ್ದದ್ದು 12ಕ್ಕೆ ಇಳಿಯಿತು. ಬೆರಳಿಗೂ ಕಿವಿಗೂ ಅಂತರ ತಿಳಿಯಲಿಲ್ಲ.

ಉಳಿದದ್ದು ಆ ಮೇಲಿನ ಷಡ್ಜ. ಅವ್ವನದು ಮೊದಲಿನಿಂದ ಕರಿ ಐದು, ನನ್ನ ಬೆರಳಿಗೂ ಅದೇ ರೂಢಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇತ್ತು. ನಾಲ್ಕು ಮೆಟ್ಟಿಲು ಇಳಿಸಿದೆ. ನಾನು ಒತ್ತೋದು ಕರಿ ಐದೇ, ಆದರೆ 70ರ ಬದಲು 66 ಅನ್ನೋ ಅಂಕಿ ಹೋಗುತ್ತದೆ, ಕರಿ ಮೂರು ನುಡಿಯುತ್ತದೆ. ಮೊಬೈಲಿನ ತಂಬೂರಿಯನ್ನೂ ಸದ್ದಿಲ್ಲದೆ ಅಲ್ಲಿಗೇ ಇಳಿಸಿದೆ.

ಮುಂದಿನ ಗುರುವಾರ ಮೂರು ಪದ, ಒಂದು ಅಭಂಗ. ತಿದಿಯಿಂದ ದನಿ ಉಬ್ಬಿ ಇಳಿಯುವ ಸುಖ ಇದರಲ್ಲಿಲ್ಲ, ಅದು ಪೇಟಿಗೇ ಸೈ. ಆದರೆ ಅವ್ವ ಮೇಲಿನ ಷಡ್ಜದಲ್ಲಿ ನಿಂತಳು, ನಿಂತೇ ಇದ್ದಳು. ನಾನು ಕೀ ಬಿಡಲಿಲ್ಲ.

ಹಾಡು ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದಳು: "ಕರಿ ಐದರಾಗ ಹಿಡಿದಿದ್ದೆಲ್ಲೋ?"

"ಹೂಂ ಅವ್ವಾ, ಕರಿ ಐದ."

ಬೆರಳಿದ್ದದ್ದು ಅಲ್ಲೇ. ಸುಳ್ಳು ಹೇಳಿದ ಹಾಗೆ ನನಗಂತೂ ಅನ್ನಿಸಲಿಲ್ಲ.